ನಮ್ಮೂರ ಹಳ್ಳ: ತಿಳಿದುಕೊಳ್ಳೋಣ, ಉಳಿಸಿಕೊಳ್ಳೋಣ



‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’. ಉಳಿತಾಯದ ಮಾತು ಬಂದಾಗಲೆಲ್ಲ ನಾವು ಈ ಗಾದೆ ಹೇಳುತ್ತೇವೆ. ಆದರೆ ನಮ್ಮೂರ ಹಳ್ಳದ ಬಗ್ಗೆ ನಮಗೆ ಎಷ್ಟು ಗೊತ್ತು? ಬಟ್ಟೆ ಒಗೆಯಲು, ಆಡು ಮೇಯಿಸಲು, ಕಟ್ಟಿಗೆ ತರಲು ಅಲ್ಲಿಗೇ ಹೋಗುತ್ತೇವೆ. ಮನೆ ಕಸವನ್ನೂ ಅಲ್ಲಿಗೇ ಚೆಲ್ಲುತ್ತೇವೆ. ‘ಅದೇನು, ಬರೀ ಜಾಲಿ ಬೆಳೆದ ತಗ್ಗು’ ಅಂತ ಅಂದುಬಿಡುತ್ತೇವೆ.

ನೀರು ಎಲ್ಲಿಂದ ಬರುತ್ತದೆ?

ಕೃಷ್ಣಾ, ತುಂಗಭದ್ರಾ ನದಿಗಳ ನಡುವಿನ ನಮ್ಮ ನಾಡಿಗೆ ಹಿಂದೆ ಎಡೆದೊರೆ ನಾಡು ಎಂಬ ಹೆಸರಿತ್ತು. ದೇವಸುಗೂರು ಕೃಷ್ಣೆಯ ದಕ್ಷಿಣ ದಂಡೆಯಲ್ಲಿದೆ. ಹೀಗಾಗಿ ಇಲ್ಲಿನ ಹಳ್ಳಗಳು ಹೊಲಗಳ ನೀರು ಕೂಡಿಸಿಕೊಂಡು ಉತ್ತರಕ್ಕೆ ಹರಿದು ಹೊಳೆ ಸೇರುತ್ತವೆ. 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಶುರುವಾಯಿತು. ಆಮೇಲೆ ಮನೆ, ಅಂಗಡಿ, ರಸ್ತೆ ಬೆಳೆದವು. ಹೊಲದ ನಡುವೆ ಇದ್ದ ಹಳ್ಳ ಈಗ ಓಣಿಯ ಪಕ್ಕಕ್ಕೆ ಬಂದಿದೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಅದೂ ಹೆಚ್ಚಿನದು ಜೂನ್‌ನಿಂದ ಅಕ್ಟೋಬರ್ ಒಳಗೆ. ಮಸಾರಿ ನೆಲ ನೀರನ್ನು ಬೇಗ ಇಂಗಿಸುತ್ತದೆ. ಎರೆ ನೆಲ ಹಾಗಲ್ಲ, ತೊಯ್ದು ಉಬ್ಬಿದ ಮೇಲೆ ನೀರನ್ನು ಒಳಗೆ ಬಿಡುವುದಿಲ್ಲ. ಅದಕ್ಕೇ ಜೋರು ಮಳೆ ಬಿದ್ದ ಸ್ವಲ್ಪ ಹೊತ್ತಿಗೇ ‘ಹಳ್ಳ ಬಂತು’ ಅಂತ ಕೂಗು ಏಳುವುದು.

ಮಳೆಗಾಲ ಮುಗಿದರೂ ಹಳ್ಳದ ಉಸುಕು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಬೇಸಿಗೆಯಲ್ಲಿ ಒರತೆ ತೋಡಿದರೆ ಬರುವುದು ಇದೇ ನೀರು. ಉಸುಕು ಬಗೆದು ಸಾಗಿಸಿದರೆ ಒರತೆಯೂ ಇಲ್ಲ, ಪಕ್ಕದ ಬಾವಿಯ ನೀರೂ ಇಳಿಯುತ್ತದೆ.

ದಂಡೆಯ ಗಿಡ, ಪ್ರಾಣಿ

ಲಕ್ಕಿ, ಹುಲಗಲ, ಕರಿಜಾಲಿ, ಜಂಬು ಹುಲ್ಲು ಬೇರಿನಿಂದ ಮಣ್ಣನ್ನು ಹಿಡಿಯುತ್ತವೆ. ಹುಲಗಲದ ಬೀಜದಿಂದ ಎಣ್ಣೆ, ಹಿಂಡಿಯಿಂದ ಗೊಬ್ಬರ. ಲಕ್ಕಿ ಸೊಪ್ಪನ್ನು ಕಾಳಿನಲ್ಲಿ ಇಟ್ಟರೆ ಹುಳ ಬರುವುದಿಲ್ಲ ಅಂತ ಹಿರಿಯರು ಹೇಳುತ್ತಾರೆ. ಬಳ್ಳಾರಿ ಜಾಲಿ ಮಾತ್ರ ಅಮೆರಿಕ ಖಂಡದಿಂದ ಬಂದದ್ದು. ಆಡು, ದನ ಕಾಯಿ ತಿಂದು ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಅದು ಬೇರೆ ಗಿಡಗಳಿಗೆ ಜಾಗವನ್ನೇ ಬಿಡುವುದಿಲ್ಲ.

ನೀರಿನ ಮೇಲೆ ಬಾಗಿದ ಕೊಂಬೆಗೆ ಗೀಜಗ ಗೂಡು ಕಟ್ಟುತ್ತದೆ. ಮಿಂಚುಳ್ಳಿ, ಬೆಳ್ಳಕ್ಕಿ ಮೀನಿಗಾಗಿ ಕಾಯುತ್ತವೆ. ಕೃಷ್ಣೆಯಲ್ಲಿ ಮೊಸಳೆಗಳೂ ಇವೆ. ಅವು ಬೇಸಿಗೆಯಲ್ಲಿ ದಂಡೆಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ಹೊಳೆ ಏರಿದಾಗ ಹಳ್ಳದ ಬಾಯಿಗೂ ಬರಬಹುದು.

ಎರಡು ಬಗೆಯ ನೆರೆ

ಒಂದು, ಮೇಲಿನಿಂದ ಬರುವುದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲೇ ಭಾರಿ ಮಳೆ ಸುರಿದು ಹಳ್ಳಗಳು ಉಕ್ಕಿದವು.

ಇನ್ನೊಂದು, ಕೆಳಗಿನಿಂದ ಬರುವುದು. ಇಲ್ಲಿ ಒಂದು ಹನಿ ಮಳೆ ಇಲ್ಲದಿದ್ದರೂ ಮಹಾರಾಷ್ಟ್ರದಲ್ಲಿ ಮಳೆಯಾದರೆ ನಾರಾಯಣಪುರ ಜಲಾಶಯದಿಂದ ನೀರು ಬಿಡುತ್ತಾರೆ. ಭೀಮಾ ನದಿಯೂ ಕೃಷ್ಣೆಗೆ ಕೂಡುತ್ತದೆ. ಹೊಳೆ ತುಂಬಿ ನೀರು ಹಳ್ಳದೊಳಗೆ ಹಿಂದಕ್ಕೆ ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಂತು. ಈ ನೀರು ಸದ್ದಿಲ್ಲದೆ ಏರುತ್ತದೆ. ‘ಮಳೆ ಇಲ್ಲವಲ್ಲ’ ಅಂತ ಬಟ್ಟೆ ಒಗೆಯಲು ಕೂರುವವರಿಗೆ ಅಪಾಯ ಇದರಿಂದಲೇ ಹೆಚ್ಚು.

ನಾವು ಏನು ಮಾಡಬಹುದು?

1. ನೀರು ಬಿಡುವ ಸುದ್ದಿ, ಡಂಗುರ ಕೇಳಿದ ಕೂಡಲೇ ಸಂಘದ ಎಲ್ಲರಿಗೂ ತಿಳಿಸೋಣ. ಮಕ್ಕಳನ್ನು, ದನಕರುಗಳನ್ನು ಹಳ್ಳಕ್ಕೆ ಕಳಿಸುವುದು ಬೇಡ.
2. ಮುಂಜಾನೆ, ಸಂಜೆ ಮಬ್ಬಿನಲ್ಲಿ ಒಬ್ಬರೇ ನೀರಿಗೆ ಇಳಿಯುವುದು ಬೇಡ.
3. ಹಳ್ಳಕ್ಕೆ ಪ್ಲಾಸ್ಟಿಕ್, ಕಸ ಹಾಕುವುದನ್ನು ನಿಲ್ಲಿಸೋಣ. ಕಸ ಸೇತುವೆಯ ಕಣ್ಣಿಗೆ ಸಿಕ್ಕಿಕೊಂಡರೆ ನೀರು ನಮ್ಮ ಮನೆಗೇ ನುಗ್ಗುತ್ತದೆ.
4. ಕಟ್ಟಿಗೆಗೆ ಬಳ್ಳಾರಿ ಜಾಲಿಯನ್ನೇ ಕಡಿಯೋಣ. ಲಕ್ಕಿ, ಹುಲಗಲ ಬಿಡೋಣ, ಮಳೆಗಾಲದಲ್ಲಿ ಹೊಸದಾಗಿ ಹಚ್ಚೋಣ.
5. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯೂ ತನ್ನ ಊರಿನ ಗಿಡ, ಪ್ರಾಣಿಗಳ ದಾಖಲೆ ಇಡಬೇಕು. ‘ನಮ್ಮ ಹಳ್ಳ ಅದರಲ್ಲಿ ಇದೆಯಾ?’ ಅಂತ ಹೋಗಿ ಕೇಳೋಣ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಎಲ್ಲರೂ ಒಟ್ಟಾಗಿ ಹಳ್ಳದವರೆಗೆ ನಡೆದು ನೋಡಿ ಬನ್ನಿ. ಹನಿ ಕೂಡಿಸುವುದು ಹೇಗೆಂದು ಬಲ್ಲವರು ನಾವು. ಹಳ್ಳ ಉಳಿಸುವುದೂ ನಮ್ಮಿಂದ ಆಗುತ್ತದೆ.