ತವರದ ಹನಿಯಲ್ಲಿ ಹುಟ್ಟುವ ಬೆಳಕು

ಕಂಪ್ಯೂಟರ್ ಚಿಪ್ಪಿನ ತಯಾರಿಕೆ ಮೂಲತಃ ಒಂದು ಮುದ್ರಣ ಕಲೆ. ನುಣುಪಾದ ಸಿಲಿಕಾನ್ ಬಿಲ್ಲೆಗೆ ಬೆಳಕು ತಾಗಿದರೆ ಗುಣ ಬದಲಿಸುವ ರಾಸಾಯನಿಕವನ್ನು ಲೇಪಿಸಿ, ವಿದ್ಯುನ್ಮಂಡಲದ ನಕ್ಷೆಯಿರುವ ಅಚ್ಚಿನ ಮೂಲಕ ಅದರ ಮೇಲೆ ಬೆಳಕು ಹಾಯಿಸಿ, ಬೆಳಕು ಬಿದ್ದ ಲೇಪವನ್ನು ತೊಳೆದು, ಉಳಿದ ಲೇಪದ ಮರೆಯಲ್ಲಿ ಸಿಲಿಕಾನನ್ನು ಕೊರೆಯುವ ಈ ವಿಧಾನಕ್ಕೆ ಫೋಟೊಲಿಥೊಗ್ರಫಿ ಎಂದು ಹೆಸರು. ಪದರದ ಮೇಲೆ ಪದರವಾಗಿ ಇದು ನಡೆದಾಗ ವಿದ್ಯುತ್ತನ್ನು ಹರಿಯಬಿಡುವ ಮತ್ತು ತಡೆಯುವ ಅತಿ ಸಣ್ಣ ಸ್ವಿಚ್ಚುಗಳು, ಅಂದರೆ ಟ್ರಾನ್ಸಿಸ್ಟರುಗಳು, ಮೈದಾಳುತ್ತವೆ. 1971ರ ಇಂಟೆಲ್ 4004 ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದರೆ, 2020ರಲ್ಲಿ ಬಂದ ಆ್ಯಪಲ್ ಎಂ1 ಚಿಪ್ಪಿನಲ್ಲಿ 1,600 ಕೋಟಿ ಇದ್ದವು.

ದಪ್ಪ ಕುಂಚದಿಂದ ಸಣ್ಣ ಗೆರೆ ಎಳೆಯಲಾಗದಂತೆ, ಉದ್ದ ತರಂಗಾಂತರದ ಬೆಳಕಿನಿಂದ ತೀರ ಸೂಕ್ಷ್ಮವಾದ ನಕ್ಷೆಯನ್ನು ಮೂಡಿಸಲಾಗದು. ಬಹುಕಾಲ ಬಳಕೆಯಲ್ಲಿದ್ದ ಅತಿನೇರಳೆ ಬೆಳಕಿನ ತರಂಗಾಂತರ 193 ನ್ಯಾನೊಮೀಟರ್. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಮಸೂರಕ್ಕೂ ಬಿಲ್ಲೆಗೂ ನಡುವೆ ನೀರು ತುಂಬಿ, ಒಂದೇ ನಕ್ಷೆಯನ್ನು ಎರಡು ಮೂರು ಕಂತುಗಳಲ್ಲಿ ಮುದ್ರಿಸಿ ತಂತ್ರಜ್ಞರು ಈ ಬೆಳಕಿನಿಂದಲೇ ವರ್ಷಾನುಗಟ್ಟಲೆ ಕೆಲಸ ತೆಗೆದರಾದರೂ, ಕಂತು ಹೆಚ್ಚಿದಷ್ಟೂ ಖರ್ಚೂ ದೋಷವೂ ಹೆಚ್ಚಿದವು. ಇದಕ್ಕೆ ಪರಿಹಾರವಾಗಿ ಬಂದದ್ದೇ 13.5 ನ್ಯಾನೊಮೀಟರ್ ತರಂಗಾಂತರದ, ಇಯುವಿ ಎಂದು ಕರೆಯಲಾಗುವ, ತೀವ್ರ ಅತಿನೇರಳೆ ಬೆಳಕು.

ಈ ಬೆಳಕನ್ನು ಹುಟ್ಟಿಸುವ ಬಗೆ ನಿಜಕ್ಕೂ ಬೆರಗಿನದು. ನಿರ್ವಾತ ಕೋಣೆಯೊಂದರಲ್ಲಿ ಕೂದಲೆಳೆಗಿಂತಲೂ ಕಿರಿದಾದ ಕರಗಿದ ತವರದ ಹನಿಗಳು ಸೆಕೆಂಡಿಗೆ ಸುಮಾರು 50,000ದಂತೆ ಹಾರಿಬರುತ್ತವೆ. ಲೇಸರಿನ ಮೊದಲ ಏಟು ಹಾರುವ ಹನಿಯನ್ನು ತಟ್ಟಿ ಹಪ್ಪಳದಂತೆ ಚಪ್ಪಟೆಯಾಗಿಸುತ್ತದೆ. ಬೆನ್ನಿಗೇ ಬೀಳುವ ಎರಡನೆಯ, ಬಹಳ ಬಲವಾದ ಏಟು ಅದನ್ನು ಪ್ಲಾಸ್ಮಾ ಆಗಿಸುತ್ತದೆ, ಅಂದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬಂದ ಕಡುಬಿಸಿಯ ಅನಿಲಸ್ಥಿತಿಗೆ ತರುತ್ತದೆ. ಆ ಕ್ಷಣದಲ್ಲಿ ಹನಿಯ ಉಷ್ಣತೆ ಎರಡು ಲಕ್ಷ ಡಿಗ್ರಿ ಸೆಲ್ಸಿಯಸ್ ದಾಟಿ, ಬೇಕಾದ ಬೆಳಕು ಹೊಮ್ಮುತ್ತದೆ.

ಹೊಮ್ಮಿದ ಬೆಳಕನ್ನು ಕಾಪಾಡಿಕೊಳ್ಳುವುದು ಇನ್ನೂ ಕಷ್ಟ. ಗಾಳಿಯೂ ಗಾಜೂ ಅದನ್ನು ಹೀರಿಬಿಡುವುದರಿಂದ ಮಸೂರಗಳನ್ನು ಬಳಸುವಂತಿಲ್ಲ. ಮಾಲಿಬ್ಡಿನಮ್ ಮತ್ತು ಸಿಲಿಕಾನಿನ ತೆಳುಪದರಗಳನ್ನು ಒಂದರ ಮೇಲೊಂದು ಪೇರಿಸಿದ ಕನ್ನಡಿಗಳೇ ಗತಿ, ನಕ್ಷೆಯ ಅಚ್ಚು ಕೂಡ ಕನ್ನಡಿಯೇ. ಪ್ರತಿ ಕನ್ನಡಿ ಹೆಚ್ಚೆಂದರೆ ನೂರಕ್ಕೆ 70ರಷ್ಟು ಬೆಳಕನ್ನು ಮರಳಿಸುವುದರಿಂದ, ಹತ್ತು ಕನ್ನಡಿ ದಾಟುವಷ್ಟರಲ್ಲಿ ಉಳಿಯುವುದು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ಜರ್ಮನಿಯ ಝೈಸ್ ಕಂಪನಿ ತಯಾರಿಸುವ ಈ ಕನ್ನಡಿಗಳ ನುಣುಪು ಎಂಥದೆಂದರೆ, ಒಂದನ್ನು ಜರ್ಮನಿ ದೇಶದಷ್ಟು ಹಿಗ್ಗಿಸಿದರೂ ಅದರಲ್ಲಿನ ಅತಿ ದೊಡ್ಡ ಉಬ್ಬು ಒಂದು ಮಿಲಿಮೀಟರನ್ನೂ ಮುಟ್ಟದು.

ಜಪಾನಿನ ಹಿರೋ ಕಿನೋಶಿತಾ 1986ರಲ್ಲಿ ಇಂಥ ಬೆಳಕಿನಿಂದ ಚಿತ್ರ ಮೂಡಿಸಬಹುದೆಂದು ತೋರಿಸಿದಾಗ ಅನೇಕರು ನಂಬಲಿಲ್ಲ. ಕಾರ್ಖಾನೆಗಳಲ್ಲಿ ಅದು ದೊಡ್ಡ ಪ್ರಮಾಣದ ಉತ್ಪಾದನೆಗೆ ಬಂದದ್ದು 2019ರ ಸುಮಾರಿಗೆ, ಅಂದರೆ ಮೂರು ದಶಕಗಳಿಗೂ ಹೆಚ್ಚಿನ ದುಡಿಮೆಯ ನಂತರ. ಎಂ1 ಚಿಪ್ಪು ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯಲ್ಲಿ ಮುದ್ರಣಗೊಂಡದ್ದೂ ಇದೇ ಬೆಳಕಿನಲ್ಲಿ. ಜಾಹೀರಾತುಗಳಲ್ಲಿ ಕಾಣುವ ‘3 ನ್ಯಾನೊಮೀಟರ್’ ಎಂಬುದು ತಯಾರಿಕೆಯ ಒಂದು ಪೀಳಿಗೆಯ ಹೆಸರೇ ಹೊರತು ಚಿಪ್ಪಿನ ಯಾವುದೇ ಭಾಗದ ನಿಜವಾದ ಅಳತೆಯಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. 2023ರ ಡಿಸೆಂಬರಿನಲ್ಲಿ, ಇನ್ನೂ ಅಗಲವಾದ ಕೋನದಿಂದ ಬೆಳಕನ್ನು ಕೂಡಿಸಿ ಮತ್ತಷ್ಟು ಸಣ್ಣ ಗೆರೆ ಮೂಡಿಸಬಲ್ಲ ಹೊಸ ಯಂತ್ರದ ರವಾನೆ ಅಮೆರಿಕದ ಇಂಟೆಲ್ ಕಂಪನಿಗೆ ಆರಂಭವಾಯಿತು.

ಇಯುವಿ ಯಂತ್ರಗಳನ್ನು ಮಾರುವ ಕಂಪನಿ ಜಗತ್ತಿನಲ್ಲೇ ಒಂದು: ನೆದರ್ಲೆಂಡ್ಸಿನ ವೆಲ್ಡ್‌ಹೋವನ್ ಊರಿನ ಎಎಸ್‌ಎಂಎಲ್. ಆದ್ದರಿಂದಲೇ ಚೀನಾಕ್ಕೆ ಈ ಯಂತ್ರ ಸಿಗದಂತೆ ಅಮೆರಿಕ ಒತ್ತಡ ಹೇರಿದ್ದು, ಡಚ್ ಸರ್ಕಾರ ರಫ್ತಿಗೆ ಪರವಾನಗಿ ಕೊಡದಿರುವುದು. ಇಡೀ ಲೋಕದ ಗಣಕಶಕ್ತಿ ಇಷ್ಟು ಕಿರಿದಾದ ದಾರಿಯಲ್ಲಿ ಹಾದುಹೋಗಬೇಕಾಗಿರುವುದು ಕಳವಳದ ಸಂಗತಿ.

ಭಾರತದ ಮಟ್ಟಿಗೆ ಹೇಳುವುದಾದರೆ, 1985ರಲ್ಲಿ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಬೆಂಗಳೂರಿನಲ್ಲಿ ಚಿಪ್ ವಿನ್ಯಾಸ ಬೇರೂರಿದ್ದರೂ, ಇಲ್ಲಿ ಸಿದ್ಧವಾದ ನಕ್ಷೆಗಳು ಮುದ್ರಣಕ್ಕಾಗಿ ಹೊರದೇಶಗಳಿಗೇ ಹೋಗುತ್ತ ಬಂದಿವೆ. ಗುಜರಾತಿನ ಧೋಲೇರಾದಲ್ಲಿ 2024ರಲ್ಲಿ ಅಡಿಗಲ್ಲು ಕಂಡ ಟಾಟಾ ಕಾರ್ಖಾನೆಯ ಯೋಜನೆಯಲ್ಲಿರುವುದು 28 ನ್ಯಾನೊಮೀಟರ್ ಹಾಗೂ ಅದಕ್ಕೂ ಹಿಂದಿನ ಪೀಳಿಗೆಯ ಚಿಪ್ಪುಗಳು. ವಾಹನಗಳಿಗೂ ಗೃಹೋಪಕರಣಗಳಿಗೂ ಬೇಕಾದ ಇಂಥ ಚಿಪ್ಪುಗಳಿಗೆ ತವರದ ಹನಿಯ ಹಂಗಿಲ್ಲ, 193 ನ್ಯಾನೊಮೀಟರಿನ ಹಳೆಯ ಬೆಳಕೇ ಸಾಕು.