ತರಗತಿಯಲ್ಲಿ ಮಕ್ಕಳ ವರ್ತನೆಯ ಸಮಸ್ಯೆಗಳು: ಕರೂರು ಭಾಗದ ಪೋಷಕರಿಗೆ ಮಾಹಿತಿ

ಮಗುವು ತರಗತಿಯಲ್ಲಿ ಗಲಾಟೆ ಮಾಡುತ್ತದೆ, ಪಾಠಕ್ಕೆ ಗಮನ ಕೊಡುವುದಿಲ್ಲ, ಜೊತೆಯ ಮಕ್ಕಳನ್ನು ಹೊಡೆಯುತ್ತದೆ ಎಂಬ ದೂರು ಬಂದಾಗ ಕೆಲವು ಪೋಷಕರು ವರ್ಗಾವಣೆ ಪ್ರಮಾಣ ಪತ್ರ ಪಡೆದು ಮಗುವನ್ನು ಶಾಲೆ ಬಿಡಿಸಲು ಮುಂದಾಗುವುದುಂಟು. ಇದರ ಅವಶ್ಯಕತೆ ಇರುವುದಿಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009ರ 16ನೇ ಪ್ರಕರಣದಂತೆ 8ನೇ ತರಗತಿ ಪೂರ್ಣಗೊಳ್ಳುವವರೆಗೆ ಯಾವುದೇ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಅನುತ್ತೀರ್ಣತೆಯ ನಿಯಮವನ್ನು ಬದಲಿಸಿದ 2019ರ ತಿದ್ದುಪಡಿಯಲ್ಲಿಯೂ ಈ ರಕ್ಷಣೆಯನ್ನು ಉಳಿಸಿಕೊಳ್ಳಲಾಗಿದೆ. 17ನೇ ಪ್ರಕರಣವು ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. "ನಾಲ್ಕು ಬಾರಿಸಿ, ಬುದ್ಧಿ ಬರಲಿ" ಎಂದು ಪೋಷಕರೇ ಹೇಳಿದರೂ ಶಿಕ್ಷಕರಿಗೆ ಆ ಅಧಿಕಾರ ಪ್ರಾಪ್ತವಾಗುವುದಿಲ್ಲ.

ತುಂಟತನವೆಂದು ಕಾಣುವುದಕ್ಕೆ ಅನೇಕ ವೇಳೆ ಬೇರೆ ಕಾರಣವಿರುತ್ತದೆ. ಸಿರುಗುಪ್ಪ ತಾಲ್ಲೂಕು ಆಂಧ್ರಪ್ರದೇಶದ ಗಡಿಯಲ್ಲಿದ್ದು, ಮನೆಯಲ್ಲಿ ತೆಲುಗು ಮಾತನಾಡುವ ಮಕ್ಕಳು ಕನ್ನಡ ಮಾಧ್ಯಮದ 1ನೇ ತರಗತಿಗೆ ದಾಖಲಾಗುತ್ತಾರೆ. ಶಿಕ್ಷಕರ ಮಾತು ಅರ್ಥವಾಗದ ಮಗು ಸುಮ್ಮನೆ ಕುಳಿತಿರಲಾರದು. ಭತ್ತದ ನಾಟಿ, ಹತ್ತಿ ಬಿಡಿಸುವ ಕಾಲದಲ್ಲಿ ತಂಗಿ-ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಮಗು ಹದಿನೈದು ದಿನಗಳ ನಂತರ ಬಂದಾಗ ಪಾಠ ಮುಂದೆ ಹೋಗಿರುತ್ತದೆ. ದೃಷ್ಟಿ ಅಥವಾ ಶ್ರವಣ ದೋಷವಿರುವ ಮಗುವೂ ಕರೆದಾಗ ಓಗೊಡದೆ ಹಟಮಾರಿ ಎನಿಸಿಕೊಳ್ಳುತ್ತದೆ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದಾದ್ಯಂತ ವಿಸ್ತರಿಸಲಾದ ನಲಿ-ಕಲಿ ಪದ್ಧತಿಯು ಇಂತಹ ಮಕ್ಕಳಿಗೆ ಹೆಚ್ಚು ಅನುಕೂಲಕರವಾಗಿದೆ. ಇದರಲ್ಲಿ ಮಕ್ಕಳು ಗುಂಪುಗಳಲ್ಲಿ ಕುಳಿತು ಕಾರ್ಡುಗಳ ಮೂಲಕ ತಮ್ಮ ವೇಗಕ್ಕೆ ತಕ್ಕಂತೆ ಕಲಿಯುತ್ತಾರೆ. ಗೈರುಹಾಜರಾದ ಮಗು ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಕೈಗೆ ಕೆಲಸವಿರುವ ಮಗುವಿಗೆ ಗಲಾಟೆಗೆ ಬಿಡುವು ಕಡಿಮೆ. ಆದರೆ ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ನಿರ್ವಹಿಸುವಲ್ಲಿ ಇದು ಸುಲಭವಲ್ಲ ಎಂಬುದನ್ನೂ ಪೋಷಕರು ಗಮನಿಸತಕ್ಕದ್ದು.

ದೂರು ಬಂದ ಕೂಡಲೇ ಪೋಷಕರು ಶಿಕ್ಷಕರನ್ನು ಭೇಟಿಯಾಗಿ, ಯಾವ ವೇಳೆಯಲ್ಲಿ, ಯಾವ ಪಾಠದಲ್ಲಿ ಮಗು ಹಾಗೆ ವರ್ತಿಸುತ್ತದೆ ಎಂದು ವಿಚಾರಿಸಬೇಕು. ಹಾಜರಾತಿ ಹಾಗೂ ಕಲಿಕೆಯ ವಿವರವನ್ನು ಪೋಷಕರಿಗೆ ನಿಯಮಿತವಾಗಿ ತಿಳಿಸುವುದು 24ನೇ ಪ್ರಕರಣದಂತೆ ಶಿಕ್ಷಕರ ಕರ್ತವ್ಯವಾಗಿರುತ್ತದೆ. ಮನೆಮಾತು ತೆಲುಗು ಆಗಿದ್ದಲ್ಲಿ ಅದನ್ನು ಮೊದಲೇ ತಿಳಿಸುವುದು ಒಳಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡವು ಸರ್ಕಾರಿ ಶಾಲೆಗೆ ಬಂದಾಗ ಮಗುವಿನ ಕಣ್ಣು, ಕಿವಿ ತಪಾಸಣೆ ಉಚಿತವಾಗಿ ನಡೆಯುತ್ತದೆ. ಆ ದಿನ ಮಗುವನ್ನು ತಪ್ಪದೇ ಕಳುಹಿಸತಕ್ಕದ್ದು.

ಶಾಲೆಯಲ್ಲಿ ಪರಿಹಾರ ದೊರೆಯದಿದ್ದಲ್ಲಿ ಮುಖ್ಯ ಶಿಕ್ಷಕರಿಗೂ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ, ನಂತರ ಸಿರುಗುಪ್ಪದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಬಿಳಿ ಹಾಳೆಯಲ್ಲಿ ಮನವಿ ಸಲ್ಲಿಸಬಹುದು. ಮಗುವಿನ ಹೆಸರು, ತರಗತಿ, ಘಟನೆಯ ದಿನಾಂಕ ನಮೂದಿಸಿ ಸ್ವೀಕೃತಿ ಪಡೆಯತಕ್ಕದ್ದು. 32ನೇ ಪ್ರಕರಣದಡಿ ಸ್ಥಳೀಯ ಪ್ರಾಧಿಕಾರಕ್ಕೆ ನೀಡಿದ ಲಿಖಿತ ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕಾಗಿರುತ್ತದೆ. ತೀರ್ಮಾನವು ಸಮ್ಮತವಾಗದಿದ್ದಲ್ಲಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಗುವಿಗೆ ಪೆಟ್ಟಾಗಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕೂಡಲೇ ಕರೆ ಮಾಡಬಹುದು.