ಮೂರು ವರ್ಷದ ಮಗು: ಮನೆಯಲ್ಲೋ, ಅಂಗನವಾಡಿಯಲ್ಲೋ?

ಮೈಸೂರು: ಬೆಳಿಗ್ಗೆ ಎಂಟೂವರೆ. ಸಿಟಿ ಬಸ್ಸಿಗಾಗಿ ಅಗ್ರಹಾರದಲ್ಲೋ ಸರಸ್ವತಿಪುರಂನಲ್ಲೋ ನಿಂತವರಿಗೆ ಈ ನೋಟ ಹೊಸದೇನಲ್ಲ. ಸ್ಕೂಲ್ ವ್ಯಾನಿನ ಬಾಗಿಲಲ್ಲಿ ಪುಟ್ಟ ಮಗುವೊಂದು ಅಮ್ಮನ ಸೆರಗು ಹಿಡಿದು ಗೋಳೋ ಎಂದು ಅಳುತ್ತಿರುತ್ತದೆ. ಬೆನ್ನ ಮೇಲೆ ಅದಕ್ಕಿಂತ ದೊಡ್ಡ ಬ್ಯಾಗು. ಡ್ರೈವರ್ ಹಾರನ್ ಹೊಡೆಯುತ್ತಾನೆ. ಬಸ್ಸಿಗೆ ಕಾದವರಲ್ಲಿ ಒಬ್ಬರು, "ಅಯ್ಯೋ ಪಾಪ, ಇಷ್ಟು ಬೇಗ ಯಾಕ್ರೀ ಕಳಿಸ್ತಾರೆ? ಮನೇಲಿ ಆಡ್ಕೊಂಡಿರಬಾರದಾ?" ಎನ್ನುತ್ತಾರೆ. "ಮನೇಲಿ ನೋಡ್ಕೊಳ್ಳೋರು ಯಾರಿದ್ದಾರೆ ಸ್ವಾಮಿ?" ಎಂದು ಪಕ್ಕದವರು. ಅಷ್ಟರಲ್ಲಿ ಬಸ್ಸು ಬರುತ್ತದೆ, ಮಾತು ನಿಲ್ಲುತ್ತದೆ.

ಮನೆಯೊಳಗೆ ಮಾತ್ರ ನಿಲ್ಲುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಓದಿಕೊಂಡಿರುವ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಆರು ವರ್ಷ ತುಂಬುವ ತನಕ ಶಾಲೆಯೇ ಬೇಡ, ಆಮೇಲೂ ಬೇಕಾದರೆ ಮನೆಯಲ್ಲೇ ಕಲಿಸೋಣ, ಗಿಣಿಪಾಠ ಯಾರಿಗೆ ಬೇಕು ಎಂಬುದು ಗಂಡನ ವಾದ. ಹೆಂಡತಿಯ ಪ್ರಶ್ನೆ ಒಂದೇ. "ರೀ, ಕಲಿಸೋಣ ಅಂತೀರಲ್ಲ, ಕಲಿಸೋರು ಯಾರು? ನೀವು ಒಂಬತ್ತಕ್ಕೆ ಹೊರಟ್ರೆ ರಾತ್ರಿ ಎಂಟಕ್ಕೆ ಬರ್ತೀರಿ." ಒಳಗಿನಿಂದ ಅತ್ತೆಯವರು, ತಮ್ಮ ನಾಲ್ಕು ಮಕ್ಕಳೂ ಯಾವ ನರ್ಸರಿಯ ಮುಖ ನೋಡದೆ ಬೆಳೆದದ್ದನ್ನು ನೆನಪಿಸುತ್ತಾರೆ. ಆಗ ಮನೆ ತುಂಬ ಅಜ್ಜಿ, ಓರಗಿತ್ತಿ, ನಾದಿನಿಯರು ಇದ್ದರು ಎಂಬುದನ್ನು ಮಾತ್ರ ಹೇಳುವುದಿಲ್ಲ!

ಕಾನೂನು ಏನನ್ನುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳದ್ದು. ಮನೆಪಾಠವನ್ನು ಅದು ಹೆಸರಿಸುವುದೂ ಇಲ್ಲ. ಮನೆಯಲ್ಲೇ ಓದಿದ ಮಗು 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೆ ಸೇರಿ ಹತ್ತನೇ ತರಗತಿಯ ಪರೀಕ್ಷೆ ಕಟ್ಟಬಹುದು. ಆರರ ಕೆಳಗಿನವರಿಗೆ ಇರುವುದು ಸಂವಿಧಾನದ 45ನೇ ವಿಧಿ. 2002ರ ತಿದ್ದುಪಡಿಯ ನಂತರ ಅದು, ಆರು ತುಂಬುವವರೆಗಿನ ಮಕ್ಕಳ ಪಾಲನೆ ಮತ್ತು ಶಿಕ್ಷಣಕ್ಕೆ ಸರ್ಕಾರ ಪ್ರಯತ್ನಿಸತಕ್ಕದ್ದು ಎನ್ನುತ್ತದೆ. ಹಕ್ಕಲ್ಲ, ಪ್ರಯತ್ನ. ಸರ್ಕಾರಿ ಭಾಷೆಯಲ್ಲಿ ಈ ಎರಡು ಪದಗಳ ನಡುವೆ ಎಷ್ಟು ದೂರವೆಂದು ತಾಲ್ಲೂಕು ಕಚೇರಿಗೆ ಅಲೆದವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಪ್ರಯತ್ನ ಈ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ಮಾತ್ರ ನಮ್ಮ ಜಿಲ್ಲೆಯಲ್ಲೇ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ.ನರಸೀಪುರ. ಅಂಗನವಾಡಿ ಎಂಬ ಮಾತು ರಾಜ್ಯಕ್ಕೆಲ್ಲ ಹಬ್ಬಿದ್ದು ಆಮೇಲೆ. ಮೂರರಿಂದ ಆರು ವರ್ಷದ ಮಗುವಿಗೆ ಅಲ್ಲಿ ಊಟ, ಹಾಲು, ಹಾಡು, ಆಟ, ಜೊತೆಗೆ ತೂಕ ನೋಡಿ ಬರೆದಿಡುವ ಒಬ್ಬ ಟೀಚರ್. ಶುಲ್ಕವಿಲ್ಲ. ಆದರೂ ನಗರದ ನಡು ವರ್ಗದವರಿಗೆ ಅದೇಕೋ ಕೀಳು. ಪಕ್ಕದ ಬೀದಿಯ ಅಂಗನವಾಡಿ ಬಿಟ್ಟು ಮೂರು ಮೈಲಿ ದೂರದ ಕಾನ್ವೆಂಟಿಗೆ ವ್ಯಾನು ಹತ್ತಿಸುತ್ತಾರೆ. ಮೂರು ತುಂಬದ ಕೂಸಿಗಂತೂ ಅಂಗನವಾಡಿಯಿಂದ ಸಿಗುವುದು ಮನೆಗೆ ಒಯ್ಯುವ ಆಹಾರ; ಹಗಲೆಲ್ಲ ಬಿಟ್ಟುಹೋಗುವ ಜಾಗ ಅದಲ್ಲ. ಬಾಣಂತನದ ರಜೆ ಮುಗಿಸಿ ಕೆಲಸಕ್ಕೆ ಮರಳುವ ತಾಯಿ ಒದ್ದಾಡುವುದು ಈ ಎರಡೂವರೆ ವರ್ಷಗಳಲ್ಲೇ.

ಅವಸರದವರಿಗೂ ಈಚೆಗೆ ಪೆಟ್ಟು ಬಿತ್ತು. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಸರ್ಕಾರ 2022ರಲ್ಲಿ ಆದೇಶಿಸಿತು. ಎರಡೂವರೆಗೇ ನರ್ಸರಿಗೆ ದೂಡಿದ್ದವರ ಮಕ್ಕಳು ಯುಕೆಜಿ ಮುಗಿಸಿ ಬಾಗಿಲಲ್ಲಿ ನಿಂತರು. ತಂದೆತಾಯಂದಿರು ಗಲಾಟೆ ಮಾಡಿದ ಮೇಲೆ 2025ರ ಏಪ್ರಿಲ್‌ನಲ್ಲಿ ಸಚಿವ ಮಧು ಬಂಗಾರಪ್ಪ, 2025-26ರ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳು ಸಾಕೆಂದರು. ಇಷ್ಟು ಓಡಿಸಿ ಗಳಿಸಿದ್ದು ಏನು?

ಹಾಗಾದರೆ ಮನೆಯೇ ಮೇಲು ಎನ್ನುವವರು ಗೆದ್ದರೇ? ಅದೂ ಇಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಾಗಿಲು ಹಾಕಿಸಿದ ಅಂಗನವಾಡಿ, ಎಲ್‌ಕೆಜಿಗಳು ಮತ್ತೆ ತೆರೆದದ್ದು 2021ರ ನವೆಂಬರ್ 8ಕ್ಕೆ. ಇಪ್ಪತ್ತು ತಿಂಗಳು ಊರಿಗೆ ಊರೇ ಮನೆಪಾಠ! ಬಿಡುವಿದ್ದ ಅಪ್ಪ ಅಮ್ಮ, ಪುಸ್ತಕ, ತಾತ ಇದ್ದ ಮನೆಯಲ್ಲಿ ಮಗು ಕಲಿಯಿತು. ಊದುಬತ್ತಿ ಹೊಸೆಯುವ ತಾಯಿಯ ಮನೆಯಲ್ಲಿ ತಾಯಿ ಕಣ್ಣೆದುರೇ ಇದ್ದಳು, ಕೈ ಬಿಡುವಿರಲಿಲ್ಲ.

ಮನೆ, ಶಾಲೆ ಎರಡನ್ನೂ ಬೆಸೆದ ಉದಾಹರಣೆ ಮಾನಸಗಂಗೋತ್ರಿಯಲ್ಲಿದೆ. 1965ರಲ್ಲಿ ಸ್ಥಾಪನೆಯಾದ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಕೇಳದ ಪುಟ್ಟ ಮಕ್ಕಳ ಜೊತೆ ತಾಯಿಗೂ ಪಾಠ. ಅಲ್ಲಿ ಕಲಿತದ್ದನ್ನು ಅಡುಗೆಮನೆಯಲ್ಲಿ, ಸ್ನಾನ ಮಾಡಿಸುವಾಗ, ಮಗುವಿಗೆ ಮತ್ತೆ ಮತ್ತೆ ಆಡಿ ತೋರಿಸಬೇಕು. ಮನೆಪಾಠವೆಂದರೆ ಒಬ್ಬರ ಪೂರ್ತಿ ದಿನ ಎಂಬುದು ಆ ತಾಯಂದಿರಿಗೆ ಗೊತ್ತು. ವಾದ ಮಾಡುವ ಗಂಡಂದಿರಲ್ಲಿ ಆ ದಿನ ತಮ್ಮದು ಎಂದು ಮುಂದೆ ಬರುವವರು ಎಷ್ಟು ಮಂದಿಯೋ!

ಇನ್ನು ಅಂಗಡಿ ಬೀದಿ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೊಠಡಿ ಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. ದೇವರಾಜ ಅರಸು ರಸ್ತೆಯಲ್ಲಿ ಎಂಟು ಹುಡುಗಿಯರು ಸೀರೆ ಬಿಡಿಸಿ ತೋರಿಸುವ ಅಂಗಡಿಗೆ ಅದು ಅನ್ವಯಿಸುವುದಿಲ್ಲ. ಸಂಜೆ ಎಂಟೂವರೆಗೆ ಶೆಟರ್ ಎಳೆಯುವ ಅಂಗಡಿಗೂ ಮಧ್ಯಾಹ್ನವೇ ಬಿಡುವ ನರ್ಸರಿಗೂ ನಡುವಿನ ಹೊತ್ತನ್ನು ಯಾವ ಕಾಯಿದೆಯೂ ತುಂಬಿಕೊಟ್ಟಿಲ್ಲ. ಆ ಹೊತ್ತಿನಲ್ಲಿ ಮಗು ಪಕ್ಕದ ಮನೆಯ ಅಜ್ಜಿಯ ಹತ್ತಿರ ಇರುತ್ತದೆ, ಇಲ್ಲವೇ ಕೌಂಟರಿನ ಹಿಂದೆ ಬಟ್ಟೆ ಗಂಟಿಗೆ ತಲೆ ಇಟ್ಟು ಮಲಗಿರುತ್ತದೆ. ಬಹಳಷ್ಟು ಮಾಲೀಕರು ಕಂಡೂ ಕಾಣದ ಹಾಗೆ ಇರುತ್ತಾರೆ. ಅಷ್ಟು ಮಟ್ಟಿಗೆ ಅವರದು ದೊಡ್ಡ ಮನಸ್ಸು. ಆ ಬೀದಿಯವರೆಲ್ಲ ಸೇರಿ ಒಂದು ಕೋಣೆ ಹಿಡಿದು ಒಬ್ಬ ಆಯಾಳನ್ನು ಇಟ್ಟರೆ ತಲೆಗೆ ಎಷ್ಟು ಬೀಳುತ್ತದೆ ಎಂಬ ಲೆಕ್ಕ ವ್ಯಾಪಾರಸ್ಥರಿಗೆ ಯಾರೂ ಕಲಿಸಬೇಕಾಗಿಲ್ಲ.